ಆಟವೇ ಅನ್ನವಾದವರ ಚರಿತ್ರೆ

ಸಂಪಾದಕರ ಮಾತು

ಕನ್ನಡದಲ್ಲಿ ಜೀವನಚರಿತ್ರೆಯ ಬರವಣಿಗೆಗೆ ದೀರ್ಘ ಪರಂಪರೆ ಇದ್ದು, ಸಂತರು, ಕವಿಗಳು, ಹೋರಾಟಗಾರರು ಮತ್ತು ರಂಗನಟರ ಬದುಕು ಪುಸ್ತಕಗಳಾಗಿ, ಅಭಿನಂದನ ಗ್ರಂಥಗಳಾಗಿ, ಸಂಚಿಕೆಗಳಾಗಿ ದಾಖಲಾಗಿದೆಯಾದರೂ, ಆಟವನ್ನೇ ವೃತ್ತಿಯಾಗಿ ಹಿಡಿದು ಅದರ ಬಲದ ಮೇಲೆ ಸಂಸಾರ ನಡೆಸಿದವರ ಬದುಕಿಗೆ ಆ ಸಾಲಿನಲ್ಲಿ ಇನ್ನೂ ಸರಿಯಾದ ಜಾಗ ಸಿಕ್ಕಿಲ್ಲ. ದೇಶದ ತಂಡದಲ್ಲಿ ಆಡಿದ ನಾಲ್ಕಾರು ಮಂದಿಯ ಹೆಸರು ಮನೆಮಾತಾಗಿದ್ದರೆ, ಅವರ ಜೊತೆಗೇ ಅದೇ ಅಂಗಳದಲ್ಲಿ ಹತ್ತು ಹದಿನೈದು ವರ್ಷ ಬೆವರು ಸುರಿಸಿದ ನೂರಾರು ಆಟಗಾರರು ಅಂಕಿಅಂಶಗಳ ಪಟ್ಟಿಯಲ್ಲಿ ಮಾತ್ರ ಉಳಿದಿದ್ದಾರೆ. ಈ ಕೊರತೆ ಕ್ರೀಡಾ ಪುಟಗಳಿಗಷ್ಟೇ ಸಂಬಂಧಿಸಿದ್ದಲ್ಲ. ಒಂದು ಪ್ರದೇಶದ ಪ್ರತಿಭೆ ಯಾವ ದಾರಿಯಿಂದ ಹೊರಗೆ ಹೋಯಿತು, ಯಾವ ಸಂಸ್ಥೆ ಅದಕ್ಕೆ ಬಾಗಿಲು ತೆರೆಯಿತು, ಹೋದವರು ಏನನ್ನು ಕಟ್ಟಿದರು ಎಂಬ ಪ್ರಶ್ನೆಗಳೆಲ್ಲ ಇದರೊಳಗೆ ಅಡಗಿರುವುದರಿಂದ ಇದು ಸಾಂಸ್ಕೃತಿಕ ಚರಿತ್ರೆಯ ಕೊರತೆಯೂ ಹೌದು. ರಾಯಚೂರಿನ ಮಟ್ಟಿಗೆ ಈ ಪ್ರಶ್ನೆಗಳನ್ನು ಕೇಳಲು ಯರೇಗೌಡ ಅವರ ಕ್ರಿಕೆಟ್ ವೃತ್ತಿಜೀವನಕ್ಕಿಂತ ಸೂಕ್ತವಾದ ಉದಾಹರಣೆ ಸಿಗುವುದು ಕಷ್ಟ.

ರಾಯಚೂರಿನಲ್ಲಿ 1971ರಲ್ಲಿ ಹುಟ್ಟಿದ ಯರೇಗೌಡ ಮಧ್ಯಮ ಕ್ರಮಾಂಕದ ಬ್ಯಾಟ್ಸ್‌ಮನ್; ಅಂದರೆ ಆರಂಭದ ಮೂವರು ಔಟಾದ ಬಳಿಕ ಕ್ರೀಸಿಗೆ ಬಂದು, ತಂಡ ಕುಸಿದಿದ್ದರೆ ಅದನ್ನು ನಿಲ್ಲಿಸುವ, ನಿಂತಿದ್ದರೆ ಬೆಳೆಸುವ ಹೊಣೆ ಹೊತ್ತವರು. ಕರ್ನಾಟಕ ಮತ್ತು ರೈಲ್ವೇಸ್ ತಂಡಗಳ ಪರವಾಗಿ ನೂರಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯಗಳನ್ನು ಆಡಿ, ಏಳು ಸಾವಿರಕ್ಕೂ ಹೆಚ್ಚು ರನ್ ಗಳಿಸಿದ ಅವರಿಗೆ ಭಾರತ ತಂಡದಲ್ಲಿ ಆಡುವ ಅವಕಾಶ ಒಮ್ಮೆಯೂ ಬರಲಿಲ್ಲ. ಪ್ರಥಮ ದರ್ಜೆ ಎಂದರೆ ಕನಿಷ್ಠ ಮೂರು ದಿನಗಳಿಗೆ ನಿಗದಿಯಾಗಿ, ಪ್ರತಿ ತಂಡಕ್ಕೂ ಎರಡು ಇನಿಂಗ್ಸ್ ಇರುವ ಪಂದ್ಯ. ಭಾರತದಲ್ಲಿ ಅದರ ಮುಖ್ಯ ರೂಪ 1934-35ರಲ್ಲಿ ಶುರುವಾದ ರಣಜಿ ಟ್ರೋಫಿ. ಚಳಿಗಾಲದುದ್ದಕ್ಕೂ ಊರಿಂದೂರಿಗೆ ಸಾಗುವ ಈ ಟೂರ್ನಿಯಲ್ಲಿ ಪ್ರೇಕ್ಷಕರ ಸಂಖ್ಯೆ ಬಹುತೇಕ ಬೆರಳೆಣಿಕೆಯಷ್ಟೇ ಇರುತ್ತದೆ. ಅಂಥ ಖಾಲಿ ಗ್ಯಾಲರಿಗಳ ಎದುರು ವರ್ಷಾನುಗಟ್ಟಲೆ ಒಂದೇ ಶ್ರದ್ಧೆಯಿಂದ ಆಡುವುದು ಎಂಥ ಕಸುಬು ಎಂಬುದನ್ನು ದೇಶದ ಪರ ಆಡಿದವರ ಜೀವನಚರಿತ್ರೆಗಳು ಹೇಳಲಾರವು.

ಯರೇಗೌಡ ಬೆಳೆದು ಬಂದ 1990ರ ದಶಕದಲ್ಲಿ ಕರ್ನಾಟಕ ತಂಡ ದೇಶದಲ್ಲೇ ಬಲಿಷ್ಠವಾಗಿತ್ತು. 1995-96, 1997-98 ಮತ್ತು 1998-99ರಲ್ಲಿ ರಣಜಿ ಗೆದ್ದ ಆ ಪೀಳಿಗೆಯಲ್ಲಿ ರಾಹುಲ್ ದ್ರಾವಿಡ್, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ, ವಿಜಯ್ ಭಾರದ್ವಾಜ್ ಅಂಥವರಿದ್ದು, ಹನ್ನೊಂದರಲ್ಲಿ ಒಂದು ಸ್ಥಾನ ಹಿಡಿಯುವುದು ಬೆಂಗಳೂರಿನ ಹುಡುಗರಿಗೇ ದುಸ್ತರವಾಗಿದ್ದಾಗ, 400 ಕಿಲೋಮೀಟರಿಗೂ ಆಚೆಯ ರಾಯಚೂರಿನಿಂದ ಬಂದವರ ಪಾಡು ಹೇಳಬೇಕಾಗಿಲ್ಲ. ಇದರ ಜೊತೆಗೆ ಅಂಗಳದ ವ್ಯತ್ಯಾಸವೂ ಇತ್ತು. ಬೆಂಗಳೂರಿನ ಹೊರಗಿನ ಊರುಗಳಲ್ಲಿ ಕ್ರಿಕೆಟ್ ಬಹುಕಾಲ ನಡೆದದ್ದು ಮ್ಯಾಟ್ ಮೇಲೆ. ಗಟ್ಟಿಸಿದ ಮಣ್ಣಿನ ಮೇಲೆ ನಾರಿನ ಚಾಪೆಯನ್ನು ಬಿಗಿಯಾಗಿ ಎಳೆದು ಅಂಚಿಗೆ ಮೊಳೆ ಹೊಡೆದರೆ ಪಿಚ್ ಸಿದ್ಧವಾಗುತ್ತದೆ. ಅದರ ಮೇಲೆ ಬಿದ್ದ ಚೆಂಡು ಎತ್ತರಕ್ಕೆ ಪುಟಿಯುತ್ತದೆ, ಸ್ಪಿನ್ನರ್ ಹಾಕಿದ್ದು ಚಾಪೆಯ ನಾರನ್ನು ಕಚ್ಚಿಕೊಂಡು ತಿರುಗುತ್ತದೆ, ಆದರೆ ಪುಟಿತ ಮಾತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಹೆಚ್ಚೂಕಡಿಮೆ ಒಂದೇ ತೆರನಾಗಿರುತ್ತದೆ. ಹುಲ್ಲು ಬೆಳೆಸಿ ಉರುಳೆ ಎಳೆದು ಸಿದ್ಧಪಡಿಸಿದ ಟರ್ಫ್ ಪಿಚ್ ಹಾಗಲ್ಲ. ಮೊದಲ ದಿನ ಬೆಳಿಗ್ಗೆ ತೇವದಲ್ಲಿ ಚೆಂಡು ಅತ್ತಿತ್ತ ಓಲಾಡುತ್ತದೆ, ಮೂರನೆಯ ದಿನ ಪಿಚ್ ಬಿರುಕು ಬಿಟ್ಟು ಚೆಂಡು ಕೆಳಗೇ ಉಳಿಯುತ್ತದೆ. ಮ್ಯಾಟ್ ಮೇಲೆ ಕೈ ಪಳಗಿದವರು ಟರ್ಫಿಗೆ ಬಂದಾಗ ಕಾಲಿನ ನಡಿಗೆಯಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಕಲಿಯಬೇಕು, ಅದೂ ಆಯ್ಕೆ ಪಂದ್ಯದ ಒಂದೆರಡು ದಿನಗಳಲ್ಲೇ ಕಲಿತವರಂತೆ ಆಡಿ ತೋರಿಸಬೇಕು.

ಕರ್ನಾಟಕದ ಪರ ಪ್ರಥಮ ದರ್ಜೆ ಕ್ರಿಕೆಟ್ ಪ್ರವೇಶಿಸಿದ ಯರೇಗೌಡ ಅವರ ಬದುಕು ನೆಲೆಗೊಂಡದ್ದು ರೈಲ್ವೇಸ್ ತಂಡದಲ್ಲಿ. ರಣಜಿಯ ತಂಡಗಳಲ್ಲಿ ಹೆಚ್ಚಿನವು ರಾಜ್ಯ ಅಥವಾ ಪ್ರಾಂತ್ಯಗಳನ್ನು ಪ್ರತಿನಿಧಿಸಿದರೆ, ಸೇನೆಯ ಸರ್ವಿಸಸ್ ಮತ್ತು ರೈಲ್ವೇಸ್ ಮಾತ್ರ ನೌಕರರ ತಂಡಗಳು. 1928ರಲ್ಲಿ ಸ್ಥಾಪನೆಯಾದ ರೈಲ್ವೆ ಕ್ರೀಡಾ ಮಂಡಳಿ ಕ್ರೀಡಾ ಕೋಟಾದಡಿ, ಅಂದರೆ ಆಟದ ಸಾಧನೆಯ ಆಧಾರದ ಮೇಲೆ, ನೌಕರಿ ಕೊಟ್ಟು ಆಟಗಾರರನ್ನು ಸಲಹುತ್ತ ಬಂದಿದ್ದು, ಅದರ ಕ್ರಿಕೆಟ್ ತಂಡ 1958-59ರಿಂದ ರಣಜಿಯಲ್ಲಿ ಆಡುತ್ತಿದೆ. ನಾಲ್ಕು ದಶಕ ಪ್ರಶಸ್ತಿ ಗೆಲ್ಲದಿದ್ದ ಈ ತಂಡ 2000-01ರಲ್ಲಿ ಫೈನಲ್ ತಲುಪಿ ಬರೋಡಾಕ್ಕೆ ಸೋತು, ಮರುವರ್ಷ ದೆಹಲಿಯ ಕರ್ನೈಲ್ ಸಿಂಗ್ ಕ್ರೀಡಾಂಗಣದಲ್ಲಿ ಅದೇ ಬರೋಡಾವನ್ನು ಮಣಿಸಿ ಮೊದಲ ಬಾರಿ ರಣಜಿ ಗೆದ್ದಿತು. 2004-05ರಲ್ಲಿ ಪಂಜಾಬನ್ನು ಸೋಲಿಸಿ ಎರಡನೆಯ ಬಾರಿ ಗೆದ್ದಿತು. ಎರಡೂ ಸಲ ಶೇಷ ಭಾರತ ತಂಡದ ಎದುರಿನ ಇರಾನಿ ಕಪ್ಪನ್ನೂ ತನ್ನದಾಗಿಸಿಕೊಂಡಿತು. ಈ ಏಳಿಗೆಯ ವರ್ಷಗಳಲ್ಲಿ ಬ್ಯಾಟಿಂಗಿನ ನಡುಗಂಬವಾಗಿ ನಿಂತವರು ಯರೇಗೌಡ.

ಆ ತಂಡದ ರಚನೆಯನ್ನು ಗಮನಿಸಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಅದರ ಮತ್ತೊಬ್ಬ ಮುಖ್ಯ ಆಟಗಾರ, ಮುಂದೆ ಭಾರತದ ಪರ 12 ಟೆಸ್ಟ್ ಆಡಿದ ಸಂಜಯ್ ಬಂಗಾರ್ ಹುಟ್ಟಿದ್ದು ಮರಾಠವಾಡದ ಬೀಡ್‌ನಲ್ಲಿ. ರಾಯಚೂರು, ಬೀಡ್ ಎರಡೂ ನಿಜಾಮರ ಸಂಸ್ಥಾನದ ಜಿಲ್ಲೆಗಳಾಗಿದ್ದು, 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ಒಂದು ಮೈಸೂರು ರಾಜ್ಯದ, ಇನ್ನೊಂದು ಮುಂಬಯಿ ರಾಜ್ಯದ ಪಾಲಾದವು, ಮತ್ತು ಎರಡೂ ಹೊಸ ರಾಜ್ಯಗಳಲ್ಲಿ ರಾಜಧಾನಿಯಿಂದ ದೂರದ ಅಂಚಿನ ಜಿಲ್ಲೆಗಳಾಗಿ ಉಳಿದವು. ಅಂಚಿನ ಊರುಗಳಲ್ಲಿ ಹುಟ್ಟಿದ ಇಬ್ಬರು ರಾಜ್ಯವೆಂಬ ಗುರುತೇ ಇಲ್ಲದ ನೌಕರರ ತಂಡವೊಂದರಲ್ಲಿ ಒಟ್ಟುಗೂಡಿ, ದೊಡ್ಡ ರಾಜ್ಯಗಳ ತಂಡಗಳನ್ನು ಸೋಲಿಸಿದ್ದು ಭಾರತೀಯ ಕ್ರಿಕೆಟಿನ ಚರಿತ್ರೆಯಲ್ಲಿ ಇನ್ನೂ ವಿವರವಾಗಿ ಬರೆಯಬೇಕಾಗಿರುವ ಅಧ್ಯಾಯ. 1871ರಲ್ಲಿ ಮುಂಬಯಿ ಕಡೆಯ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲುಮಾರ್ಗವೂ ಮದ್ರಾಸ್ ಕಡೆಯ ಮಾರ್ಗವೂ ಬಂದು ಕೂಡಿದ ಜಾಗವೇ ರಾಯಚೂರು ಎಂಬುದನ್ನು ನೆನೆದರೆ, ಆ ಊರಿನ ಆಟಗಾರನಿಗೆ ರೈಲ್ವೆಯೇ ಆಸರೆಯಾದದ್ದು ಇನ್ನಷ್ಟು ಅರ್ಥಪೂರ್ಣವಾಗಿ ಕಾಣುತ್ತದೆ.

ಸಂಸ್ಥೆಯ ಹೆಸರಿನಲ್ಲಿ ಆಡುವ ಈ ಪದ್ಧತಿ ಭಾರತಕ್ಕೇ ಸೀಮಿತವಲ್ಲ. ಬಾಸ್ಕೆಟ್‌ಬಾಲನ್ನು ಉಸಿರಾಗಿಸಿಕೊಂಡ, 1954ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ಫಿಲಿಪೀನ್ಸ್‌ನಲ್ಲಿ 1975ರಲ್ಲಿ ಶುರುವಾದ ಪಿಬಿಎ ಏಷ್ಯಾದ ಮೊದಲ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್. ಅದರ ತಂಡಗಳಿಗೆ ಊರಿನ ಹೆಸರಿಲ್ಲ. ಬಟ್ಟೆಯ ಕ್ರಿಸ್ಪಾ, ಕಾರಿನ ಟೊಯೊಟಾ, ಬಿಯರಿನ ಸ್ಯಾನ್ ಮಿಗೆಲ್, ಹಾಲಿನ ಅಲಾಸ್ಕಾ ಹೀಗೆ ಕಂಪನಿಗಳ ಹೆಸರೇ ತಂಡದ ಹೆಸರಾಗುತ್ತ ಬಂದಿದೆ. ನಾಲ್ಕು ಬಾರಿ ಲೀಗಿನ ಅತ್ಯುತ್ತಮ ಆಟಗಾರ ಎನಿಸಿ, 18 ಸಾವಿರಕ್ಕೂ ಹೆಚ್ಚು ಅಂಕ ಗಳಿಸಿದ ರಾಮನ್ ಫರ್ನಾಂಡಿಸ್ ಅವರ ವೃತ್ತಿಜೀವನ ಇಂಥ ಐದು ತಂಡಗಳ ನಡುವೆ ಹಂಚಿಹೋಯಿತು. 1983ರ ಋತುವಿನ ಬಳಿಕ ಟೊಯೊಟಾ ತನ್ನ ತಂಡವನ್ನೇ ಮುಚ್ಚಿದಾಗ ಆಟಗಾರರನ್ನು ಒಟ್ಟಾಗಿ ಬೇರೊಂದು ಕಂಪನಿಗೆ ವರ್ಗಾಯಿಸಲಾಯಿತು. ಆ ವರ್ಗಾವಣೆಯನ್ನು ಒಪ್ಪದ ರಾಬರ್ಟ್ ಜಾವೊರ್ಸ್ಕಿ ಮತ್ತೊಂದು ತಂಡ ಸೇರಿ, ಅಲ್ಲೇ ಆಟಗಾರ ಮತ್ತು ಕೋಚ್ ಎರಡೂ ಆಗಿ ಬೆಳೆದು, 1998ರಲ್ಲಿ ಆ ದೇಶದ ಸೆನೆಟ್‌ಗೂ ಆಯ್ಕೆಯಾದರು.

ಎರಡೂ ಪದ್ಧತಿಗಳಲ್ಲಿ ಆಟಗಾರನ ಬೆನ್ನಿಗೆ ಇರುವುದು ಸಂಸ್ಥೆಯೇ ಆದರೂ, ಸಂಬಂಧದ ಸ್ವರೂಪ ಬೇರೆ. ಫಿಲಿಪೀನ್ಸ್‌ನ ಆಟಗಾರ ಕರಾರಿನ ಮೇಲೆ ದುಡಿಯುತ್ತಾನೆ. ಸಂಪಾದನೆಯೂ ಜನಪ್ರಿಯತೆಯೂ ದೊಡ್ಡವು, ಆದರೆ ಮಂಡಿ ಸೋತ ದಿನ, ಇಲ್ಲವೇ ಕಂಪನಿ ಮನಸ್ಸು ಬದಲಿಸಿದ ದಿನ, ಎಲ್ಲವೂ ಅನಿಶ್ಚಿತ. ರೈಲ್ವೇಸ್ ಆಟಗಾರನ ಸಂಬಳ ಸಾಧಾರಣವಾದರೂ, ಬ್ಯಾಟು ಕೆಳಗಿಟ್ಟ ಮೇಲೂ ಅದು ತಿಂಗಳು ತಿಂಗಳು ಬರುತ್ತದೆ. ಭಾರತದ ಬಾಸ್ಕೆಟ್‌ಬಾಲ್ ಕೂಡ ಬಹುಮಟ್ಟಿಗೆ ಈ ನೌಕರಿಯ ಆಸರೆಯಲ್ಲೇ ಉಳಿದು ಬಂದಿದೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಬೆಂಗಳೂರಿನಲ್ಲಿ ಬಾಸ್ಕೆಟ್‌ಬಾಲ್ ತಂಡ ಕಟ್ಟಿ ಆಟಗಾರರಿಗೆ ಕೆಲಸ ಕೊಟ್ಟಿತ್ತು. 2019ರಲ್ಲಿ ಅದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್ಪಿನ ಎರಡನೇ ವಿಭಾಗವನ್ನು ಗೆದ್ದರೂ, ಅಂಥ ಆಟಗಾರ್ತಿಯರ ಮನೆ ನಡೆಯುವುದು ಹೆಚ್ಚಾಗಿ ರೈಲ್ವೆಯಂಥ ನೌಕರಿಗಳಿಂದಲೇ. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಪಡೆದು ಹೆಸರಾದವರು. ಅವರಿಗೂ ನೌಕರಿ ಕೊಟ್ಟದ್ದು ರೈಲ್ವೆ.

ಯರೇಗೌಡ ಅವರ ವೃತ್ತಿಜೀವನದ ಉತ್ತರಾರ್ಧ ಅದರ ಪೂರ್ವಾರ್ಧದಷ್ಟೇ ಮಹತ್ವದ್ದು. ರೈಲ್ವೇಸ್‌ನಿಂದ ತವರಿಗೆ ಮರಳಿದ ಅವರು ಕರ್ನಾಟಕ ತಂಡದ ನಾಯಕರಾದರು. ಹೊಸ ಆಟಗಾರರು ತಲೆಯೆತ್ತುತ್ತಿದ್ದ ಆ ಕಾಲದಲ್ಲಿ ನೂರು ಪಂದ್ಯಗಳ ಅನುಭವವುಳ್ಳ ಹಿರಿಯನೊಬ್ಬ ಡ್ರೆಸ್ಸಿಂಗ್ ರೂಮಿನಲ್ಲಿದ್ದುದರ ಬೆಲೆಯನ್ನು ಅಂಕಿಗಳಲ್ಲಿ ಹೇಳಲಾಗದು. ಅವರ ಆಟದ ದಿನಗಳು ಮುಗಿಯುತ್ತ ಬಂದಾಗಲೇ, 2008ರಲ್ಲಿ ಐಪಿಎಲ್ ಶುರುವಾಗಿ, ಕ್ರಿಕೆಟಿಗರ ಸಂಪಾದನೆಯ ಲೆಕ್ಕವೇ ಬದಲಾಯಿತು. ಆ ಹಣದ ಹೊಳೆ ಹರಿಯುವ ಮೊದಲೇ ಆಡಿ ಮುಗಿಸಿದ ಪೀಳಿಗೆಗೆ ಸೇರಿದ ಅವರು ಆಟದ ಋಣ ಬಿಡದೆ ಕರ್ನಾಟಕದ ಮುಖ್ಯ ಕೋಚ್ ಆದರು. ಅವರ ತರಬೇತಿಯಲ್ಲಿ ತಂಡ 2018-19ರಲ್ಲಿ ಸಯ್ಯದ್ ಮುಷ್ತಾಕ್ ಅಲಿ ಟಿ20 ಟ್ರೋಫಿಯನ್ನು ಗೆದ್ದು, 2019-20ರಲ್ಲಿ ಏಕದಿನ ಮಾದರಿಯ ವಿಜಯ್ ಹಜಾರೆ ಟ್ರೋಫಿಯ ಜೊತೆಗೆ ಟಿ20 ಟ್ರೋಫಿಯನ್ನೂ ಉಳಿಸಿಕೊಂಡಿತು. ಸೂರತ್‌ನಲ್ಲಿ ನಡೆದ ಆ ಟಿ20 ಫೈನಲಿನಲ್ಲಿ ತಮಿಳುನಾಡಿನ ಎದುರು ಗೆಲುವಿನ ಅಂತರ ಒಂದೇ ರನ್. ದೀರ್ಘ ಇನಿಂಗ್ಸುಗಳ ತಾಳ್ಮೆಗೆ ಹೆಸರಾದವರ ತರಬೇತಿಯಲ್ಲಿ ಇಪ್ಪತ್ತು ಓವರುಗಳ ಆಟದಲ್ಲಿ ತಂಡ ಸತತ ಎರಡು ಬಾರಿ ಗೆದ್ದದ್ದು, ಅನುಭವವೆಂಬುದು ಕಾಲಕ್ಕೆ ತಕ್ಕಂತೆ ಹೊಸ ರೂಪ ಪಡೆಯಬಲ್ಲದೆಂಬುದಕ್ಕೆ ಸಾಕ್ಷಿ. ದೇಶದ ತಂಡದ ಟೋಪಿ ಸಿಗದಿದ್ದುದನ್ನು ಮಾತ್ರ ಮುಂದಿಟ್ಟುಕೊಂಡು ಇಂಥ ಬದುಕನ್ನು ಅಪೂರ್ಣ ಎನ್ನುವುದು ಅಳತೆಗೋಲಿನದೇ ದೋಷ. ಆಡಿದ ಎರಡೂ ತಂಡಗಳನ್ನು ಎತ್ತರಿಸಿ, ಕಲಿತದ್ದನ್ನು ಮುಂದಿನವರಿಗೆ ದಾಟಿಸಿದ ವೃತ್ತಿ ಯಾವ ಮಾನದಿಂದ ನೋಡಿದರೂ ಪೂರ್ಣವಾದದ್ದು.

ರಾಯಚೂರು ಸೀಮೆಗೆ ಬದುಕುಗಳನ್ನು ನೆನಪಿಟ್ಟುಕೊಳ್ಳುವ ಕಲೆ ಹೊಸದಲ್ಲ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು, ಹೀಗೆ ಹರಿದಾಸರ ಗುರುಶಿಷ್ಯ ಪರಂಪರೆಯನ್ನು ಈ ಸೀಮೆ ಹಾಡುಗಳ ಮೂಲಕ, ಆರಾಧನೆಗಳ ಮೂಲಕ ಎರಡೂವರೆ ಶತಮಾನ ಕಾಪಾಡಿಕೊಂಡು ಬಂದಿದೆ. ಯಾರು ಯಾರಿಂದ ಕಲಿತರು, ಯಾವ ಊರಿನಿಂದ ಯಾವ ಊರಿಗೆ ಹೋದರು ಎಂಬುದು ಇಲ್ಲಿನ ಜನರಿಗೆ ಬಾಯಿಪಾಠ. ಅದೇ ನೆಲದಲ್ಲಿ ಆಟಗಾರರ ಪರಂಪರೆ ಮಾತ್ರ ಬರಹಕ್ಕೆ ಬಾರದೆ ಉಳಿದಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಕೆಲಸ ಹುಡುಕಿ ಕುಟುಂಬ ಸಮೇತ ನಗರಗಳಿಗೆ ಗುಳೆ ಹೋಗುವ ಇಂಥ ತಾಲ್ಲೂಕುಗಳಲ್ಲಿ ಶಾಲೆಯ ಅಂಗಳದಲ್ಲಿ ಮಿಂಚಿದ ಹುಡುಗ ಹುಡುಗಿಯರು ಮುಂದಿನ ವರ್ಷ ಅದೇ ಶಾಲೆಯಲ್ಲಿ ಇರುತ್ತಾರೆಂಬ ಭರವಸೆಯೂ ಇರುವುದಿಲ್ಲ. ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ಕೊಟ್ಟಿದೆ. ಆಟದ ಮೂಲಕವೂ ಬದುಕು ಕಟ್ಟಿಕೊಳ್ಳಬಹುದೆಂಬ ತಿಳಿವಳಿಕೆ ಅವರಿಗೆ ಸಿಗಬೇಕಾದರೆ, ಹಾಗೆ ಕಟ್ಟಿಕೊಂಡವರ ಕಥೆ ಅವರ ಕೈಗೆ ಅವರದೇ ಭಾಷೆಯಲ್ಲಿ ತಲುಪಬೇಕು.

ಆದ್ದರಿಂದ ಈ ಪತ್ರಿಕೆಯ ಕೋರಿಕೆ ಸ್ಪಷ್ಟವಾಗಿದೆ. ರಾಯಚೂರು, ದೇವದುರ್ಗ, ಮಾನ್ವಿಯ ದೈಹಿಕ ಶಿಕ್ಷಣ ಶಿಕ್ಷಕರು, ಕಾಲೇಜು ವಾರ್ಷಿಕ ಸಂಚಿಕೆಗಳ ಸಂಪಾದಕರು, ಕ್ಲಬ್ಬುಗಳ ಹಿರಿಯರು ತಮ್ಮ ಊರಿನ ಕ್ರಿಕೆಟ್, ಕಬಡ್ಡಿ, ವಾಲಿಬಾಲ್, ಬಾಸ್ಕೆಟ್‌ಬಾಲ್ ಆಟಗಾರರ ಬದುಕನ್ನು ದಾಖಲಿಸಲು ಮುಂದಾಗಬೇಕು. ಯಾವ ಅಂಗಳದಲ್ಲಿ ಕಲಿತರು, ಯಾರು ಕಲಿಸಿದರು, ಯಾವ ವರ್ಷ ಯಾವ ತಂಡ ಸೇರಿದರು, ಆಟ ಅವರಿಗೆ ಯಾವ ನೌಕರಿ ಕೊಟ್ಟಿತು, ಗಾಯವೋ ಬಡತನವೋ ಯಾವುದು ತಡೆಯಿತು, ಆಟ ನಿಂತ ಮೇಲೆ ಏನು ಮಾಡಿದರು ಎಂಬ ವಿವರಗಳು ಸೇರಿದರೆ ಒಂದು ಜಿಲ್ಲೆಯ ಕ್ರೀಡಾ ಚರಿತ್ರೆ ಸಿದ್ಧವಾಗುತ್ತದೆ. ಪ್ರಶಸ್ತಿ ಬಂದವರ ಜೊತೆಗೆ ಜಿಲ್ಲಾ ಮಟ್ಟದಲ್ಲೇ ನಿಂತವರೂ ಅದರಲ್ಲಿ ಇರಬೇಕು, ಏಕೆಂದರೆ ಮುಂದಿನ ಪೀಳಿಗೆಗೆ ಎಲ್ಲಿ ಬಾಗಿಲು ತೆರೆದಿತ್ತು, ಎಲ್ಲಿ ಮುಚ್ಚಿತ್ತು ಎಂಬ ಎರಡೂ ಮಾಹಿತಿ ಬೇಕು. ಹಾಗೆ ಬರೆದು ಕಳಿಸಿದ ಬರಹಗಳಿಗೆ ಕವಿಗಳ, ಚಿಂತಕರ ಬದುಕಿನ ಬರಹಗಳಿಗೆ ಸಲ್ಲುವ ಪುಟಗಳೂ ಗೌರವವೂ ಇಲ್ಲಿ ಸಲ್ಲುತ್ತವೆ.