ಹತ್ತೊಂಬತ್ತರಲ್ಲಿ ಒಂದು

ಜಪಾನಿ ಭಾಷೆಯಲ್ಲಿ ‘ಕಾಗೆರೊ’ ಎಂದರೆ ಸುಡು ಬಿಸಿಲಿಗೆ ನೆಲದ ಮೇಲಿನ ಗಾಳಿ ನಡುಗುವುದು. ನಮ್ಮ ಬಿಸಿಲ್ಗುದುರೆಗೆ ತೀರ ಹತ್ತಿರದ ಮಾತು. ಎರಡನೇ ಮಹಾಯುದ್ಧದ ಹೊತ್ತಿಗೆ ಜಪಾನಿನ ನೌಕಾಪಡೆ ಈ ಹೆಸರಿನ ಮಾದರಿಯಲ್ಲಿ 19 ಡಿಸ್ಟ್ರಾಯರ್‌ಗಳನ್ನು ಕಟ್ಟಿತು. ಉಳಿದವಕ್ಕೂ ಅಂಥವೇ ಹೆಸರುಗಳು: ಯುಕಿಕಾಜೆ ಎಂದರೆ ಹಿಮಗಾಳಿ, ಕುರೊಶಿಯೊ ಎಂದರೆ ಕಪ್ಪು ಪ್ರವಾಹ, ಅರಾಶಿ ಎಂದರೆ ಬಿರುಗಾಳಿ. ಕೊಲ್ಲುವ ಯಂತ್ರಗಳಿಗೆ ಇಷ್ಟು ಚೆಂದದ ಹೆಸರುಗಳೇಕೋ!

ಸುಮಾರು 2,000 ಟನ್ನಿನ ಈ ಹಡಗುಗಳು ಗಂಟೆಗೆ 65 ಕಿ.ಮೀ. ವೇಗದಲ್ಲಿ ಓಡುತ್ತಿದ್ದವು. ಇವುಗಳ ನಿಜವಾದ ಬಲ ಆಮ್ಲಜನಕದಿಂದ ಓಡುವ ಟಾರ್ಪೆಡೊ. ಅದು 20 ಕಿ.ಮೀ. ದೂರಕ್ಕೂ ಹೋಗುತ್ತಿತ್ತು, ನೀರಿನ ಮೇಲೆ ಗುಳ್ಳೆಯ ಗೆರೆ ಬಹುತೇಕ ಮೂಡುತ್ತಿರಲಿಲ್ಲ. ರಾತ್ರಿ ಕತ್ತಲಲ್ಲಿ ನುಗ್ಗಿ ಅಮೆರಿಕದ ದೊಡ್ಡ ಯುದ್ಧನೌಕೆಗಳನ್ನು ಮುಳುಗಿಸಬೇಕು ಎಂಬುದು ಲೆಕ್ಕಾಚಾರ. ಆದರೆ ಮೊದಮೊದಲು ರಾಡಾರ್ ಇರಲಿಲ್ಲ, ವಿಮಾನ ಹೊಡೆಯುವ ಶಕ್ತಿಯೂ ಕಡಿಮೆ.

1942ರ ಏಪ್ರಿಲಿನಲ್ಲಿ ಕೊಲಂಬೊ, ಟ್ರಿಂಕೋಮಲಿಗಳ ಮೇಲೆ ಬಾಂಬು ಹಾಕಿದ ವಿಮಾನವಾಹಕಗಳ ಕಾವಲಿಗೂ ಈ ಹಡಗುಗಳು ಬಂದಿದ್ದವು. ಆ ತಿಂಗಳು ಜನ ಮದ್ರಾಸು ಬಿಟ್ಟು ಓಡಿದ ಕತೆಯನ್ನು ಚೆನ್ನೈನಲ್ಲಿರುವ ನೀವು ಹಿರಿಯರ ಬಾಯಲ್ಲಿ ಕೇಳಿರಬಹುದು.

ಆಮೇಲೆ ಬಂತು ಗ್ವಾಡಲ್‌ಕೆನಾಲ್. ಹಗಲಲ್ಲಿ ಆಕಾಶವೆಲ್ಲ ಅಮೆರಿಕದ ವಿಮಾನಗಳದ್ದು; ನಿಧಾನದ ಸರಕು ಹಡಗು ಆ ದ್ವೀಪ ತಲುಪುವಂತಿಲ್ಲ. ಹಸಿದ ಸೈನಿಕರಿಗೆ ಊಟ ಮುಟ್ಟಿಸುವ ಕೆಲಸ ಡಿಸ್ಟ್ರಾಯರ್‌ಗಳ ಪಾಲಿಗೆ ಬಂತು. ಜಪಾನೀಯರೇ ಅದನ್ನು ‘ಇಲಿ ಸಾಗಣೆ’ ಎಂದರು. ಎಣ್ಣೆ ಡ್ರಮ್ಮುಗಳಿಗೆ ಧಾನ್ಯ ತುಂಬಿ, ತೇಲಲೆಂದು ಅರ್ಧ ಖಾಲಿ ಬಿಟ್ಟು, ಹಗ್ಗದಲ್ಲಿ ಸರಪಳಿಯಂತೆ ಕಟ್ಟಿ ದಡದ ಹತ್ತಿರ ನೀರಿಗೆ ತಳ್ಳುವುದು; ದಡದವರು ಹಗ್ಗ ಹಿಡಿದು ಎಳೆದುಕೊಳ್ಳುವುದು. 1942ರ ನವೆಂಬರ್ 30ರ ರಾತ್ರಿ ಹೀಗೆ ಹೋದ ಎಂಟು ಡಿಸ್ಟ್ರಾಯರ್‌ಗಳಲ್ಲಿ ಕಾಗೆರೊ, ಕುರೊಶಿಯೊ, ಒಯಾಶಿಯೊ ಇದ್ದವು. ಅಮೆರಿಕದ ದಂಡು ಎದುರಾಯಿತು. ಜಪಾನೀಯರ ಟಾರ್ಪೆಡೊಗಳು ಒಂದು ಕ್ರೂಸರನ್ನು ಮುಳುಗಿಸಿ ಮೂರನ್ನು ಜಖಂ ಮಾಡಿದವು. ಕಾಗದದ ಮೇಲೆ ದೊಡ್ಡ ಗೆಲುವು. ಆದರೆ ಒಂದು ಡ್ರಮ್ಮೂ ದಡ ಮುಟ್ಟಲಿಲ್ಲ. ಹಸಿದವನಿಗೆ ಆ ಗೆಲುವಿನಿಂದ ಏನಾಗಬೇಕು?

ಇದೇ ಮೂರು ಹಡಗುಗಳು 1943ರ ಮೇ 8ರಂದು, ಸಾಗಣೆಯ ಕೆಲಸದಲ್ಲೇ, ಕೊಲೊಂಬಂಗಾರ ದ್ವೀಪದ ಬಳಿ ಮೈನ್‌ಗಳಿಗೆ ಸಿಕ್ಕವು. ಕುರೊಶಿಯೊ ಕೂಡಲೇ ಮುಳುಗಿತು, ಕುಂಟುತ್ತಿದ್ದ ಉಳಿದೆರಡನ್ನು ವಿಮಾನಗಳು ಮುಗಿಸಿದವು. ಆಗಸ್ಟಿನಲ್ಲಿ ಸೈನಿಕರನ್ನು ಹೊತ್ತಿದ್ದ ಅರಾಶಿ, ಹಗಿಕಾಜೆಗಳನ್ನು ರಾಡಾರ್ ಇದ್ದ ಅಮೆರಿಕದ ಡಿಸ್ಟ್ರಾಯರ್‌ಗಳು ಕತ್ತಲಲ್ಲೇ ಟಾರ್ಪೆಡೊ ಬಿಟ್ಟು ಮುಳುಗಿಸಿದವು. ಯಾರ ವಿದ್ಯೆ ಯಾರ ಮೇಲೆ ತಿರುಗಿತು ನೋಡಿ.

ಯುದ್ಧ ಮುಗಿದಾಗ 19ರಲ್ಲಿ ಉಳಿದದ್ದು ಯುಕಿಕಾಜೆ ಒಂದೇ. ಅದೃಷ್ಟದ ಹಡಗು ಎಂದು ಜಪಾನಿನಲ್ಲಿ ಹೆಸರು. 1945ರ ಏಪ್ರಿಲಿನಲ್ಲಿ ಯಮಾಟೊ ಮುಳುಗಿದ ದಿನ ಜೊತೆಗಿದ್ದ ಇಸೊಕಾಜೆ ಚಲಿಸಲಾಗದೆ ನಿಂತಿತು. ಅದರ ನಾವಿಕರನ್ನು ಹತ್ತಿಸಿಕೊಂಡು, ಆಮೇಲೆ ಅದಕ್ಕೆ ಗುಂಡು ಹೊಡೆದು ಮುಳುಗಿಸಿದ್ದು ಯುಕಿಕಾಜೆಯೇ. ಅದೃಷ್ಟ ಎಂಬ ಮಾತನ್ನು ನಾನಂತೂ ಸ್ವಲ್ಪ ಅಳುಕಿನಿಂದಲೇ ಬರೆಯುತ್ತಿದ್ದೇನೆ.

ಯುದ್ಧಾನಂತರ ಫಿರಂಗಿಗಳನ್ನು ಕಿತ್ತು, ಹೊರನಾಡುಗಳಲ್ಲಿ ಉಳಿದುಹೋಗಿದ್ದ ಸುಮಾರು 13,000 ಜನರನ್ನು ಅದು ಮನೆಗೆ ಕರೆತಂದಿತು. 1947ರಲ್ಲಿ ಯುದ್ಧಪರಿಹಾರವಾಗಿ ಚೀನಾಕ್ಕೆ ಹೋಯಿತು, ಅಲ್ಲಿಂದ ತೈವಾನಿಗೆ, ಹೊಸ ಹೆಸರಿನಲ್ಲಿ. ಕೊನೆಗೆ ಒಡೆದಾಗ ಅದರ ಚುಕ್ಕಾಣಿ ಚಕ್ರ ಮತ್ತು ಲಂಗರು ಜಪಾನಿಗೆ ಮರಳಿದವು. ಈಗ ಎಟಾಜಿಮಾದ ನೌಕಾ ಶಾಲೆಯಲ್ಲಿವೆ.