ಟಿ.ಸಿ. ಜೊತೆಗೆ ಇನ್ನೊಂದು ಹಾಳೆ

ಬೋಧನಾಭ್ಯಾಸದ ವೀಕ್ಷಣೆಗೆಂದು ಹುನಗುಂದ ತಾಲ್ಲೂಕಿನ ಒಂದು ಶಾಲೆಗೆ ಹೋಗಿದ್ದೆ. ಆರನೇ ತರಗತಿಯ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗಿ ಏನನ್ನೂ ಬರೆದುಕೊಳ್ಳದೆ ಕುಳಿತಿದ್ದಳು. ನಮ್ಮ ಪ್ರಶಿಕ್ಷಣಾರ್ಥಿ ತನ್ನ ದಿನಚರಿಯಲ್ಲಿ ‘ಗಮನ ಕೊಡುವುದಿಲ್ಲ’ ಎಂದು ಬರೆದಿದ್ದ. ವಿಚಾರಿಸಿದಾಗ ತಿಳಿಯಿತು, ಆಕೆಗೆ ದೃಷ್ಟಿ ಮಂದ. ಹಿಂದಿನ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ ಅವಳನ್ನು ಮುಂದೆ ಕೂರಿಸಿ, ದಪ್ಪ ಅಕ್ಷರಗಳಲ್ಲಿ ಬರೆದುಕೊಡುತ್ತಿದ್ದರು. ಎರಡು ಶಾಲೆಗಳ ನಡುವೆ ಹೆಚ್ಚು ದೂರವಿಲ್ಲ. ಹುಡುಗಿ ಇಲ್ಲಿಗೆ ಬಂದಳು, ಅವಳ ಕುರಿತ ತಿಳಿವಳಿಕೆ ಮಾತ್ರ ಅಲ್ಲಿಯೇ ಉಳಿಯಿತು.

ಟಿ.ಸಿ.ಯಲ್ಲಿ ಜನ್ಮದಿನಾಂಕ ಇರುತ್ತದೆ. ಎಲ್ಲಿ ಕುಳಿತರೆ ಮಗುವಿಗೆ ಹಲಗೆ ಕಾಣುತ್ತದೆ ಎಂಬುದು ಇರುವುದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸಮನ್ವಯ ಶಿಕ್ಷಣವನ್ನು ಶಾಲೆಗಳ ಹೊಣೆಯಾಗಿಸಿದೆ. ಇದಕ್ಕಾಗಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ಬಿ.ಐ.ಇ.ಆರ್.ಟಿ.ಗಳಿದ್ದಾರೆ. ಆದರೆ ತಾಲ್ಲೂಕಿನ ಪ್ರತಿ ಶಾಲೆಗೂ ಅವರು ವಾರವಾರ ಬರಲಾರರು. ನೆರೆಯ ಶಾಲೆಗಳೇ ಪರಸ್ಪರ ಒದಗಬೇಕು. ಇದು ಹೊಸ ಮಾತೇನಲ್ಲ. ಶಾಲಾ ಸಂಕೀರ್ಣದ ಕಲ್ಪನೆಯನ್ನು ಕೊಠಾರಿ ಆಯೋಗ 1966ರಲ್ಲೇ ಮುಂದಿಟ್ಟಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನು ಮತ್ತೆ ಎತ್ತಿಕೊಂಡಿದೆ.

ಕಟ್ಟಡ, ಅನುದಾನಗಳಿಗೆ ಕಾಯದೆ ನಾವು ಒಂದು ಹಾಳೆಯಿಂದ ಆರಂಭಿಸಬಹುದು. ಈ ಮಗುವಿಗೆ ಏನು ಬರುತ್ತದೆ, ಯಾವುದು ಕಷ್ಟ, ಏನು ಮಾಡಿದರೆ ಕಲಿಯುತ್ತದೆ ಎಂಬ ಮೂರೇ ಪ್ರಶ್ನೆಗಳಿಗೆ ಉತ್ತರ ಬರೆದು, ಟಿ.ಸಿ. ಜೊತೆಗೆ ಮುಂದಿನ ಶಾಲೆಗೆ ಕಳಿಸಬೇಕು. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಅರ್ಧ ಗಂಟೆ ಇಂಥ ಮಕ್ಕಳಿಗೆಂದೇ ಮೀಸಲಿರಲಿ. ಬಾದಾಮಿ, ಹುನಗುಂದದ ಕಡೆಯಿಂದ ಗುಳೆ ಹೋಗುವ ಕುಟುಂಬಗಳ ಕೈಗೂ ಇದರ ಒಂದು ಪ್ರತಿ ಕೊಡಬೇಕು.

ಹೀಗೆ ಬರೆದರೆ ಮಗುವಿಗೆ ಹಣೆಪಟ್ಟಿ ಹಚ್ಚಿದಂತಾಗುವುದಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಅವರ ಆತಂಕ ಸರಿಯಾದದ್ದೇ. ಅದಕ್ಕೇ ಪಾಲಕರನ್ನು ಕೂರಿಸಿಕೊಂಡು, ಅವರ ಒಪ್ಪಿಗೆ ಪಡೆದು ಬರೆಯಬೇಕು. ‘ಮಂದಬುದ್ಧಿ’ ಎಂಬಂಥ ಮಾತಿಗೆ ಅಲ್ಲಿ ಜಾಗವಿರಬಾರದು. ಇನ್ನು ಏನೂ ಬರೆಯದಿದ್ದರೆ ಹಣೆಪಟ್ಟಿ ತಪ್ಪುತ್ತದೆಯೇ? ‘ಗಮನ ಕೊಡುವುದಿಲ್ಲ’ ಎಂಬುದೂ ಹಣೆಪಟ್ಟಿಯೇ ಅಲ್ಲವೇ?

ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರ ಶಾಲೆಯ ಒಡನಾಟವಿದೆ. ಬಾಗಲಕೋಟೆಯಲ್ಲಾಗಲಿ ಇಳಕಲ್‌ನಲ್ಲಾಗಲಿ, ಪ್ರಶಿಕ್ಷಣಾರ್ಥಿಗಳನ್ನು ಒಂದೇ ಶಾಲೆಗೆ ಕಟ್ಟಿಹಾಕದೆ, ಒಂದು ಕಿರಿಯ ಪ್ರಾಥಮಿಕ, ಒಂದು ಹಿರಿಯ ಪ್ರಾಥಮಿಕ, ಒಂದು ಪ್ರೌಢಶಾಲೆಗೆ ತಂಡವಾಗಿ ಕಳಿಸೋಣ. ಪಾಠಯೋಜನೆಯ ಜೊತೆಗೆ ಒಂದು ಮಗುವಿನ ಹಾಳೆಯನ್ನೂ ಅವರು ಶಿಕ್ಷಕರೊಂದಿಗೆ ಕುಳಿತು ಬರೆಯಲಿ. ನಾವು ಅದನ್ನೂ ಮೌಲ್ಯಮಾಪನ ಮಾಡೋಣ.

ಆ ಹುಡುಗಿಯನ್ನು ಅಂದೇ ಮುಂದಿನ ಸಾಲಿಗೆ ಕರೆತಂದು ಕೂರಿಸಿದೆವು. ಅಷ್ಟರಲ್ಲಿ ಶಾಲೆ ಆರಂಭವಾಗಿ ನಾಲ್ಕು ತಿಂಗಳು ಕಳೆದಿತ್ತು.