ವಿಮಾನದ ಗಂಟೆ, ದಾರಿಯ ಗಂಟೆ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಸದ್ಭಕ್ತರ ಮಕ್ಕಳಲ್ಲಿ ಕೆಲವರು ಇಂದು ಅಮೆರಿಕೆಯಲ್ಲಿ ನೆಲೆಸಿದ್ದಾರೆ. ಇಲ್ಲಿ ಹಿರಿಯರು ಲಿಂಗೈಕ್ಯರಾದಾಗ, "ವಿಮಾನದಲ್ಲಿ ಹದಿನೇಳೇ ಗಂಟೆಯಂತೆ, ಮಗ ನಾಳೆ ಬೆಳಿಗ್ಗೆ ಬಂದುಬಿಡುತ್ತಾನೆ" ಎಂದು ಯಾರೋ ಹೇಳುತ್ತಾರೆ. ಸಮಾಧಿಕ್ರಿಯೆ ನಿಲ್ಲುತ್ತದೆ. ಹೇಳಿದ ಹೊತ್ತಿಗೆ ಮಗ ಬಾರದಿದ್ದರೆ ದುಃಖದ ಮನೆಯಲ್ಲಿ ನಿಷ್ಠುರವೂ ಹುಟ್ಟುತ್ತದೆ. ಆದುದರಿಂದ ಈ ಲೆಕ್ಕವನ್ನು ಸಮಾಧಾನದ ಕಾಲದಲ್ಲಿಯೇ ತಿಳಿದಿರುವುದು ಲೇಸೆಂದು ನಾವು ಭಾವಿಸುತ್ತೇವೆ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನಡುವೆ ಎಲ್ಲಿಯೂ ಇಳಿಯದ ಮೊದಲ ವಿಮಾನವನ್ನು ಏರ್ ಇಂಡಿಯಾ ಸಂಸ್ಥೆಯು 2021ರ ಜನವರಿಯಲ್ಲಿ ಹಾರಿಸಿತು. ಕ್ಯಾಪ್ಟನ್ ಜೋಯಾ ಅಗರವಾಲರ ನೇತೃತ್ವದಲ್ಲಿ ಮಹಿಳೆಯರೇ ಅದನ್ನು ನಡೆಸಿದರು. ಎರಡು ನಿಲ್ದಾಣಗಳ ನಡುವಣ ನೇರ ಅಂತರ 13,993 ಕಿಲೋಮೀಟರು. ಭೂಗೋಳದ ಮೇಲೆ ಈ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ ಅದು ಉತ್ತರ ಧ್ರುವದ ಬಳಿಯಲ್ಲಿ ಹಾಯುತ್ತದೆ. ಅತ್ಯಂತ ಸಮೀಪದ ಆ ಧ್ರುವಮಾರ್ಗವನ್ನೇ ವಿಮಾನವು ಹಿಡಿಯಿತು.

ಜನವರಿ 9ರ ರಾತ್ರಿ ಹೊರಟ ಅದು ಬೆಂಗಳೂರಿನಲ್ಲಿ ಇಳಿದದ್ದು 11ರ ಬೆಳಗಿನ ಜಾವ. ತಾರೀಖು ಎರಡು ದಾಟಿದರೂ ಹಾರಿದ್ದು ಸುಮಾರು 17 ಗಂಟೆ. ಅಲ್ಲಿಯ ಗಡಿಯಾರ ಚಳಿಗಾಲದಲ್ಲಿ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದಿರುವುದೇ ಈ ಗೊಂದಲಕ್ಕೆ ಕಾರಣ. ಆದ್ದರಿಂದ ತಾರೀಖನ್ನು ಬಿಟ್ಟು ಗಂಟೆಗಳನ್ನು ಎಣಿಸಬೇಕು.

ಒಂದು ಉದಾಹರಣೆ ನೋಡೋಣ. ಚಳಿಗಾಲದ ಸೋಮವಾರ ಬೆಳಿಗ್ಗೆ 6ಕ್ಕೆ ಕುರುಗೋಡಿನಿಂದ ಸುದ್ದಿ ಹೋಯಿತೆನ್ನಿ. ಅಲ್ಲಿ ಆಗ ಭಾನುವಾರ ಸಂಜೆ ನಾಲ್ಕೂವರೆ. ಅಂದೇ ರಾತ್ರಿ ನೇರ ವಿಮಾನವೊಂದು ಇದ್ದು ಅದರಲ್ಲಿ ಸ್ಥಳ ದೊರೆತರೂ, ಮನೆ ಬಿಟ್ಟು ನಿಲ್ದಾಣದ ತಪಾಸಣೆ ಮುಗಿಸಿ ವಿಮಾನ ಏರುವವರೆಗೆ 4 ಗಂಟೆ, ಹಾರಾಟ 17, ಬೆಂಗಳೂರಿನಲ್ಲಿ ಪಾಸ್‌ಪೋರ್ಟ್ ತಪಾಸಣೆ, ಸಾಮಾನು ಎಂದು 2, ದೇವನಹಳ್ಳಿಯಿಂದ ಬಳ್ಳಾರಿಗೆ ಸುಮಾರು 6, ಅಲ್ಲಿಂದ ಕುರುಗೋಡಿಗೆ 1. ಒಟ್ಟು 30 ಗಂಟೆ. ಎಲ್ಲವೂ ಸರಿಹೋದರೆ ಮಂಗಳವಾರ ಮಧ್ಯಾಹ್ನ ಮಗ ಮನೆ ಸೇರಿಯಾನು. ಸಿರುಗುಪ್ಪಕ್ಕೆ ಇನ್ನಷ್ಟು ಹೊತ್ತು ಬೇಕು. ನೇರ ವಿಮಾನವಿಲ್ಲದೆ ದೆಹಲಿಯಲ್ಲೋ ದುಬೈಯಲ್ಲೋ ಬದಲಿಸಬೇಕಾದರೆ ಮತ್ತೂ ಹಲವು ಗಂಟೆ ಕೂಡುತ್ತವೆ. ಅಂದಿನ ಟಿಕೆಟ್ಟೇ ಸಿಗದಿದ್ದರೆ ಈ ಲೆಕ್ಕವೆಲ್ಲ ಮರುದಿನದಿಂದ ಆರಂಭ.

ಆದುದರಿಂದ ಭಕ್ತರಲ್ಲಿ ನಮ್ಮ ಸೂಚನೆ ಇಷ್ಟು. ಕಾಯಬೇಕೋ ಬೇಡವೋ ಎಂಬುದನ್ನು ಹಿರಿಯರು ತಾವು ಗಟ್ಟಿಯಾಗಿರುವಾಗಲೇ ಮಕ್ಕಳೆಲ್ಲರಿಗೂ ತಿಳಿಸಿರಲಿ. ದೂರದಲ್ಲಿರುವವರು ಪಾಸ್‌ಪೋರ್ಟು, ವೀಸಾಗಳ ಅವಧಿ ತೀರದಂತೆ ನೋಡಿಕೊಳ್ಳಲಿ. ಕಾಯುವುದಾದರೆ ಟಿಕೆಟ್ಟು ಕೈಗೆ ಬಂದ ಮೇಲೆ ಹೊತ್ತನ್ನು ನಿಶ್ಚಯಿಸಿರಿ. ಕಾಯಲಾಗದಿದ್ದರೆ ಕ್ರಿಯೆಯನ್ನು ನೆರವೇರಿಸಿರಿ. ಮಗನೋ ಮಗಳೋ ಶಿವಗಣಾರಾಧನೆಯ ಹೊತ್ತಿಗೆ ಬಂದು ಸೇರಲಿ. ಹದಿನಾಲ್ಕು ಸಾವಿರ ಕಿಲೋಮೀಟರು ಆಚೆಯಿಂದ ತಡವಾಗಿ ಬಂದ ಮಕ್ಕಳಿಗೆ ಬಾಗಿಲಲ್ಲಿ ಮೊದಲು ಒಂದು ತಂಬಿಗೆ ನೀರು ಕೊಡಿರಿ. ತಡವೇಕೆಂಬ ಪ್ರಶ್ನೆಯನ್ನು ಯಾರೂ ಕೇಳುವುದು ಬೇಡ.